ಬಲಗೈಯ ಉಗುರು

ಡೊಂಬಿವಲಿಯ ನಮ್ಮ ಮನೆಯಲ್ಲಿ ನನ್ನ ಬಲಗೈ ಒಂದು ಕಾಲದಲ್ಲಿ ಮಹಾರಾಣಿಯಂತೆ ಬದುಕಿತ್ತು. ಕಾಲೇಜಿನ ಕಾರ್ಯಕ್ರಮದಲ್ಲಿ ಗಿಟಾರ್ ನುಡಿಸಬೇಕಿತ್ತು. ಠಾಣೆಯ ಗಿಟಾರ್ ಕ್ಲಾಸಿನ ಸರ್, ಪ್ಲಾಸ್ಟಿಕ್ ಪಿಕ್ ಹಿಡಿದು ತಂತಿ ಮೀಟು, ಉಗುರಿನ ಗೋಳು ಬೇಡ ಎಂದರೂ ಕೇಳಲಿಲ್ಲ. ಉಗುರಿನಿಂದ ತಂತಿ ಮೀಟಿದಾಗ ಬರುವ ನಾದವೇ ಬೇಕೆಂಬ ಹಟ ನನಗೆ. ಕೆಳಗೆ ಹೊಡೆಯುವಾಗ ಬೆರಳುಗಳ ಉಗುರು, ಮೇಲೆ ಬರುವಾಗ ಹೆಬ್ಬೆರಳಿನದು. ಸ್ಟೀಲ್ ತಂತಿಗೆ ಸಿಕ್ಕಿ ಒಂದು ಚೂರು ಸೀಳಿದರೂ ತಿಂಗಳ ಶ್ರಮವೆಲ್ಲ ನೀರುಪಾಲು. ಹಾಗಾಗಿ ದಿನಾ ಅಂಚು ಉಜ್ಜಿ ನಯಮಾಡಿ, ತೆಂಗಿನೆಣ್ಣೆ ಹಚ್ಚಿ, ಪಾತ್ರೆ ತೊಳೆಯುವುದನ್ನೂ ಕಾಯಿ ತುರಿಯುವುದನ್ನೂ ಬಿಟ್ಟೇಬಿಟ್ಟೆ.

"ಎಂಥಾ ಉಗುರಾ ಏನಾ! ಇದಕ್ಕೊಂದು ಮಂಗಳಾರತಿ ಎತ್ತಬೇಕು," ಎಂದು ಅಮ್ಮ ಗೊಣಗುತ್ತಿದ್ದಳು. ಬೇಲಾಪುರದ ಆಫೀಸಿನಿಂದ ಠಾಣೆಯಲ್ಲಿ ಟ್ರೈನು ಬದಲಿಸಿ ಬರುವಷ್ಟರಲ್ಲಿ ಅವಳು ದಣಿದು ಹಣ್ಣಾಗಿರುತ್ತಿದ್ದಳು. ಕೊನೆಗೆ ನನಗೊಂದು ಹಗುರ ಕೆಲಸ ಕೊಟ್ಟಳು: ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು, ಅಂದರೆ ತನ್ನ ತಾಯಿಯನ್ನು, ಸಂಜೆ ಎಬ್ಬಿಸಿ ಕೂರಿಸುವುದು.

ಒಂದು ಸಂಜೆ ಪ್ರಾಕ್ಟೀಸಿನ ಅವಸರದಲ್ಲಿ ಅಜ್ಜಿಯ ತೋಳನ್ನು ಗಬಕ್ಕನೆ ಹಿಡಿದೆತ್ತಿದೆ. ಈರುಳ್ಳಿ ಸಿಪ್ಪೆಯಂಥ ಚರ್ಮ. ಉಗುರು ಉದ್ದಕ್ಕೆ ಗೀರಿ ರಕ್ತ ಬಂತು. ಸಕ್ಕರೆ ಕಾಯಿಲೆಯ ಮೈ, ಗಾಯ ಬೇಗ ಮಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಮೊದಲು ನೋಡಿಕೊಂಡದ್ದು ನನ್ನ ಉಗುರನ್ನು. ಥೂ! ಅನ್ನ ತಿನ್ನುವವರು ಮಾಡುವ ಕೆಲಸವೇ ಅದು?

"ಇದೆಂತ ಗಾಯ?" ಬಂದವಳೇ ಅಮ್ಮ ಕೇಳಿದಳು.

ನನ್ನ ಕೈ ಬೆನ್ನ ಹಿಂದೆ ಹೋಯಿತು.

"ತುರಿಸ್ತಿತ್ತು ಮಾರಾಯ್ತಿ, ನಾನೇ ಕೆರ್ಕೊಂಡೆ," ಎಂದಳು ಅಜ್ಜಿ.

"ಕೆರೀಬೇಡ ಅಂತ ಎಷ್ಟು ಸಲ ಹೇಳೂದು ನಿಂಗೆ!"

ಬೈಯುತ್ತಲೇ ಅಮ್ಮ ನೇಲ್‌ಕಟರ್ ತಂದು ಅಜ್ಜಿಯ ಉಗುರುಗಳನ್ನೆಲ್ಲ ಬುಡದವರೆಗೆ ಕತ್ತರಿಸಿದಳು. ನಡುವೆ ಒಮ್ಮೆ ಅಜ್ಜಿ "ಹಾ" ಎಂದು ಕೈ ಎಳೆದುಕೊಂಡಳು. ಮಾಡಿದ್ದು ನಾನು ಎಂದು ಹೇಳಿದ್ದರೆ ನೇಲ್‌ಕಟರ್ ನನ್ನ ಕಡೆ ತಿರುಗುತ್ತಿತ್ತು. ಕಾರ್ಯಕ್ರಮಕ್ಕೆ ಒಂದು ವಾರವೂ ಉಳಿದಿರಲಿಲ್ಲ.

ಕಿತ್ತಳೆ ಸುಲಿಯುವುದೆಂದರೆ ಅಜ್ಜಿಗೆ ಖುಷಿ. ತಾನು ತಿನ್ನುವಂತಿಲ್ಲದಿದ್ದರೂ ನಾರು ತೆಗೆದು, ತೊಳೆ ಬಿಡಿಸಿ ನನಗೆ ಕೊಡುತ್ತಿದ್ದಳು. ಮರುದಿನ ಹಣ್ಣಿನ ಮೇಲೆ ಅವಳ ಬೆರಳು ಜಾರಿತು, ಮತ್ತೆ ಜಾರಿತು. ಕೊನೆಗೆ ಸೋತು ನನ್ನತ್ತ ಚಾಚಿದಳು. ಮುಖದಲ್ಲಿ ಕೋಪವಿರಲಿಲ್ಲ, ಬರೀ ತುಂಟ ನಗು.

"ನೀನೇ ಸುಲಿ ಮಗಾ. ನಿಂಗೆ ಉಗುರುಂಟಲ್ಲ."

ಹಣ್ಣಿನ ರಸಕ್ಕೆ ಉಗುರಿನ ಅಂಚು ಮೆತ್ತಗಾದೀತೆಂದು ಹೆದರಿ, ನಾನು ಅಡುಗೆಮನೆಯಿಂದ ಚಾಕು ತಂದೆ.