ಗಿಡ್ಡಪ್ಪ ಬಾಯಿಬಿಟ್ಟು ಹೇಳದ ಅಂಕಿ

ಸಿಂಧನೂರಿನಲ್ಲಿ ಇನ್ನೂ ಬೀದಿ ದೀಪ ಆರಿಲ್ಲ. ಅಕ್ಕಿ ಗಿರಣಿಯೊಂದರ ಹಿಂದೆ, ಭತ್ತ ಒಣಹಾಕುವ ಸಿಮೆಂಟಿನ ಅಂಗಳದಲ್ಲಿ ಹದಿನಾಲ್ಕು ಜನ ಹಮಾಲರು ಚಡ್ಡಿ ಬನಿಯನ್ನಿನಲ್ಲಿ ಸಾಲಾಗಿ ನಿಂತು ಚಳಿಗೆ ಅಂಗೈ ಉಜ್ಜಿಕೊಳ್ಳುತ್ತಿದ್ದಾರೆ. ಅವರೆದುರು ನಿಂತವರು ಗಿಡ್ಡಪ್ಪ, ವಯಸ್ಸು ಐವತ್ತೊಂದು. ಹೆಸರಿಟ್ಟ ಹಿರಿಯರಿಗೆ ಮುಂದಿನದು ಗೊತ್ತಿರಲಿಲ್ಲವೆಂದು ಕಾಣುತ್ತದೆ, ಆಳು ಆರಡಿಗೆ ಎರಡೇ ಬೆರಳು ಕಡಿಮೆ.

"ಲಾಭ!" ಎನ್ನುತ್ತಾರೆ ಗಿಡ್ಡಪ್ಪ. ಹದಿನಾಲ್ಕೂ ಜನ ಕುಕ್ಕರಗಾಲಿಗೆ ಇಳಿದು ಮೇಲೇಳುತ್ತಾರೆ. ಧಾನ್ಯ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುವುದು ಈ ಕಡೆಯ ರೂಢಿ, ಹಮಾಲರ ಕಸರತ್ತಿಗೂ ಅದೇ ಬಂದಿದೆ. "ಎರಡು... ಮೂರು... ನಾಕು... ಐದು... ಆರು... ಆರರ ಮ್ಯಾಲೊಂದು... ಎಂಟು." ಹೊಸದಾಗಿ ಸೇರಿದವರು ಇಲ್ಲಿಗೆ ಬಂದಾಗ ತಾಳ ತಪ್ಪುತ್ತಾರೆ, ಮುಸಿಮುಸಿ ನಗುತ್ತಾರೆ. ಹಳಬರು ನಗುವುದಿಲ್ಲ. ನಕ್ಕವನ ಕಡೆ ಒಮ್ಮೆ ನೋಡಿ ಸುಮ್ಮನೆ ಬೈಠಕ್ ಮುಂದುವರಿಸುತ್ತಾರೆ.

ಇಂದು ಸೋಮವಾರ, ಆದ್ದರಿಂದ ಬೈಠಕ್. ಮಂಗಳವಾರ ದಂಡ. ಬುಧವಾರ ಬೋರಲು ಮಲಗಿ ಎದೆಯನ್ನೂ ಕಾಲನ್ನೂ ಒಟ್ಟಿಗೆ ನೆಲದಿಂದ ಎತ್ತಿ ಹಿಡಿಯುವುದು, ಇದು ಬೆನ್ನಿಗೆ. ಗುರುವಾರ ಕುತ್ತಿಗೆಯ ಸರದಿ. ಶುಕ್ರವಾರ ಕಾಲುವೆ ದಂಡೆಯ ಮೇಲೆ ಓಟ, ಶನಿವಾರ ಗದೆಯಂಥ ಮರದ ಲೋಡನ್ನು ಹೆಗಲ ಸುತ್ತ ತಿರುವುವುದು. ಭಾನುವಾರ ಕಸರತ್ತಿಗೆ ರಜೆ, ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ಹಚ್ಚಿ ನೀವಿಕೊಳ್ಳುತ್ತಾರೆ. "ದಿನಾ ಒಂದಾ ಕಸರತ್ತ ಮಾಡಿದ್ರ ಮೈ ಕಳ್ಳ ಆಗತೈತ್ರಿ" ಎನ್ನುತ್ತಾರೆ ಗಿಡ್ಡಪ್ಪ. "ಗೊತ್ತಿದ್ದ ದಾರ್ಯಾಗ ಅದು ತಪ್ಪಿಸ್ಕೊಳ್ಳಾಕ ಕಲೀತೈತಿ. ಅದಕ್ಕ ನಾವು ದಾರಿ ಬದ್ಲಿ ಮಾಡ್ಕೋಂತನ ಇರಬೇಕು."

ಈ ಮಾತನ್ನು ಅವರಿಗೆ ಕಲಿಸಿದ್ದು ಮಸ್ಕಿಯ ಗರಡಿಮನೆಯ ಉಸ್ತಾದ ಲಾಲ್‌ಸಾಬ್. ಗಿಡ್ಡಪ್ಪ ಹುಟ್ಟಿದ್ದು ಸಂತೆಕಲ್ಲೂರಿನಲ್ಲಿ. ಜೋಳ ತೊಗರಿ ಮನೆಗೆ ಬಂದ ಮೇಲೆ ಕೈಗೆ ಕೆಲಸವಿಲ್ಲದ ಊರು ಅದು. ಮಸ್ಕಿಯ ಅಕ್ಕನ ಮನೆಯಲ್ಲಿದ್ದು ಆರು ವರ್ಷ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡರು. ಸುತ್ತಲಿನ ಕುಸ್ತಿಗಳಲ್ಲಿ ಒಂದಿಷ್ಟು ಹೆಸರೂ ಬಂತು. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಕಾಲುವೆ ನೀರು ಬಂದು ಭತ್ತದ ಊರಾಗಿದ್ದ ಸಿಂಧನೂರಿಗೆ ಬಸ್ಸು ಹತ್ತಿದರು, ಗಿರಣಿಯಲ್ಲಿ ಚೀಲ ಹೊರಲು ನಿಂತರು.

ಭತ್ತದ ಚೀಲವೊಂದು ಎಪ್ಪತ್ತೈದು ಕಿಲೋ ತೂಗುತ್ತದೆ. ಸುಗ್ಗಿಯಲ್ಲಿ ಒಬ್ಬ ಹಮಾಲ ದಿನಕ್ಕೆ ನೂರೈವತ್ತು ಚೀಲ ಹೊರುತ್ತಾನೆ. ಲೆಕ್ಕ ಹಾಕಿದರೆ ಹನ್ನೊಂದು ಟನ್ನಿಗೂ ಮಿಕ್ಕಿ ಭಾರ ಒಂದೇ ಬೆನ್ನಿನ ಮೇಲಿಂದ ದಾಟಿ ಹೋಗುತ್ತದೆ. ನಾವು ಅನ್ನವನ್ನು ಮೆತ್ತಗಿದೆಯೆಂದು ಹೊಗಳುತ್ತೇವೆ, ಉದುರಾಗಿದೆಯೆಂದು ಬೈಯುತ್ತೇವೆ, ಅದು ಯಾರ ಬೆನ್ನಿನ ಮೇಲೆ ಬಂತೆಂದು ಕೇಳುವ ಗೊಡವೆಗೆ ಹೋಗುವುದಿಲ್ಲ. ಗಿಡ್ಡಪ್ಪನವರ ಹಳೆಯ ತಂಡದ ಹನ್ನೆರಡು ಜನರಲ್ಲಿ ಇಂದಿಗೂ ಚೀಲ ಹೊರುತ್ತಿರುವವರು ಇಬ್ಬರೇ. ಮೂವರು ತೀರಿಕೊಂಡಿದ್ದಾರೆ. ಉಳಿದವರು ನಡು ಹಿಡಿದುಕೊಂಡು ಕಟ್ಟೆ ಮೇಲೆ ಕೂತಿದ್ದಾರೆ, ಯಂಕೋಬ ಒಬ್ಬನನ್ನು ಬಿಟ್ಟು. ಯಂಕೋಬನಿಗೆ ಕೂರಲೂ ಬರುವುದಿಲ್ಲ.

ಗೊರೇಬಾಳದ ಯಂಕೋಬ ಗಿಡ್ಡಪ್ಪನವರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಗಿರಣಿಯಲ್ಲಿ ಇಬ್ಬರದೂ ಜೋಡಿ. ಊಟದ ಹೊತ್ತಿಗೆ ಅಂಗಳದಲ್ಲೇ ಕುಸ್ತಿಗೆ ಬೀಳುತ್ತಿದ್ದರು, ಬಿದ್ದವನು ಗೆದ್ದವನಿಗೆ ಚಹಾ ಕುಡಿಸಬೇಕು. ಆಗೆಲ್ಲ ಗಿಡ್ಡಪ್ಪ ಕಸರತ್ತು ಮಾಡುತ್ತಿದ್ದದ್ದು ತಮ್ಮ ಮೈಯೊಂದಕ್ಕೆ, ಯಾರಿಗೂ ಹೇಳಿಕೊಡುತ್ತಿರಲಿಲ್ಲ. "ಸೊಕ್ಕಿತ್ತರಿ. ನನ್ನಂಥ ಬೆನ್ನು ಈ ಊರಾಗ ಇನ್ನೊಂದು ಇರಬಾರದು ಅಂತಿತ್ತು" ಎಂದು ಈಗ ಅವರೇ ಹೇಳುತ್ತಾರೆ.

ಚೀಲ ಹೊರಿಸುವುದಕ್ಕೆ ಒಂದು ಪದ್ಧತಿ ಇದೆ. ಒಟ್ಟಿದ ಚೀಲಗಳ ಮೇಲೆ ಇಬ್ಬರು ನಿಂತು, ಚೀಲದ ಎರಡು ತುದಿ ಹಿಡಿದು ಕೆಳಗಿಳಿಸುತ್ತಾರೆ. ಹೊರುವವನು ಕೆಳಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ ಕಾಯುತ್ತಿರುತ್ತಾನೆ. ಅವನಿಗೆ ಮೇಲೆ ನೋಡಲು ಬರುವುದಿಲ್ಲ, ಕಿವಿಯೇ ಕಣ್ಣು. ಚೀಲ ಬೆನ್ನ ಮೇಲೆ ಸರಿಯಾಗಿ ಕೂತಿತೆಂದ ಮೇಲೆ ಮೇಲಿನವರು 'ಏಳು' ಎನ್ನುತ್ತಾರೆ, ಅವನು ಏಳುತ್ತಾನೆ. ಎಣಿಸುವ ಕೆಲಸ ಗುಮಾಸ್ತನದು. ಅವನು ದೂರ ಬಾಗಿಲ ಹತ್ತಿರ ಕೂತು ಕೂಗುತ್ತಾನೆ. ಹೀಗೆ ಎಣಿಸುವ ದನಿ ಬೇರೆ, ಎಬ್ಬಿಸುವ ದನಿ ಬೇರೆ.

ಕಾಲುವೆಯ ಹಿಂದೆಯೇ ಬಂದು ನೆಲೆಸಿದ ಆಂಧ್ರದವರ ಕ್ಯಾಂಪುಗಳಿಂದ ಬರುತ್ತಿದ್ದ ತೆಲುಗು ಹಮಾಲರು ಮಾತ್ರ ಎಣಿಸುವಾಗ ಏಳನ್ನು ಬಾಯಿಗೆ ತರುತ್ತಿರಲಿಲ್ಲ. ಅವರ ಮಾತಿನಲ್ಲಿ 'ಏಡು' ಎಂದರೆ ಏಳು ಎಂದೂ ಆಗುತ್ತದೆ, ಅಳು ಎಂದೂ ಆಗುತ್ತದೆ. ಕಾಳಿನ ಮುಂದೆ ಅಳುವಿನ ಮಾತು ಬೇಡವೆಂದು ಆರರ ಮೇಲೊಂದು ಎನ್ನುತ್ತಿದ್ದರು. ಗಿಡ್ಡಪ್ಪ ಅವರನ್ನು ಆಡಿಕೊಂಡು ನಗುತ್ತಿದ್ದರು. "ನಿಮ್ದು ಅಳೋ ಲೆಕ್ಕಪ, ನಮ್ದು ಏಳೋ ಲೆಕ್ಕ" ಎಂದು ಚೇಷ್ಟೆ ಮಾಡುತ್ತ, ತಮ್ಮ ಕಸರತ್ತು ಎಣಿಸುವಾಗ ಬೇಕೆಂದೇ ಆ ಅಂಕಿಯನ್ನು ಗಿರಣಿಯ ತಗಡು ನಡುಗುವ ಹಾಗೆ ಕೂಗುತ್ತಿದ್ದರು.

1986ರ ಡಿಸೆಂಬರಿನ ಒಂದು ಬೆಳಿಗ್ಗೆ ಗುಮಾಸ್ತ ಬರಲಿಲ್ಲ. ಲಾರಿಗಳು ರಸ್ತೆಯವರೆಗೂ ಸಾಲುಗಟ್ಟಿದ್ದವು. ಎಣಿಸುವುದನ್ನೂ ತಾನೇ ನೋಡಿಕೊಳ್ಳುತ್ತೇನೆಂದು ಒಟ್ಟಿದ ಚೀಲಗಳ ಮೇಲೆ ನಿಂತಿದ್ದ ಗಿಡ್ಡಪ್ಪ ಹೇಳಿದರು. ಕೆಳಗೆ ಯಂಕೋಬ ಬೆನ್ನು ಕೊಟ್ಟು ಕೂತಿದ್ದ. ಅದು ಏಳನೆಯ ಚೀಲ. ಅದರ ಒಂದು ತುದಿ ಗಿಡ್ಡಪ್ಪನವರ ಕೈಯಲ್ಲಿ, ಇನ್ನೊಂದು ತುದಿ ಬಾಲಪ್ಪನೆಂಬ ಹಮಾಲನ ಕೈಯಲ್ಲಿ, ಚೀಲ ಇನ್ನೂ ನಡುವೆ ತೂಗುತ್ತಿತ್ತು. ಗಿಡ್ಡಪ್ಪ ಎಂದಿನಂತೆ ಜೋರಾಗಿ ಎಣಿಸಿದರು.

"ನಾ ಎಣಿಸಿದೆ. ಅವ ಎದ್ದ. ಅಷ್ಟಾರೀ" ಎನ್ನುತ್ತಾರೆ ಅವರು, ಮುಂದಿನದನ್ನು ಹೇಳುವುದಿಲ್ಲ. ಹೇಳಿದವರು ಬೇರೆ ಹಮಾಲರು. ಅರ್ಧ ಎದ್ದು ನಡು ಸೊಟ್ಟಗಾಗಿದ್ದ ಯಂಕೋಬನ ಮೇಲೆ ಚೀಲ ಅಡ್ಡವಾಗಿ ಬಿತ್ತು. ಕಟ್ಟಿಗೆ ಮುರಿದಂಥ ಸದ್ದು ಅಂಗಳದಲ್ಲಿದ್ದವರಿಗೂ ಕೇಳಿಸಿತು. ಅಂದಿನಿಂದ ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ರಾಯಚೂರಿನ ದವಾಖಾನೆಯಲ್ಲಿ ಎರಡು ತಿಂಗಳಿಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಆಗ ಅವನಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿ ಎರಡು ವರ್ಷ.

ಮಲಗಿದ ಕಾಲನ್ನು ಹಾಗೇ ಬಿಟ್ಟರೆ ಕೀಲು ಕಚ್ಚಿಕೊಳ್ಳುತ್ತದೆ, ಚರ್ಮ ಕೊಳೆಯುತ್ತದೆ, ಆ ಕೊಳೆ ಒಂದು ದಿನ ಜೀವವನ್ನೇ ತಿನ್ನುತ್ತದೆ. ಇದನ್ನು ಗಿಡ್ಡಪ್ಪನವರಿಗೆ ತಿಳಿಸಿ ಹೇಳಿದವರು ಲಿಂಗಸುಗೂರಿನ ನಿವೃತ್ತ ಕಂಪೌಂಡರ್ ಕರಿಬಸಯ್ಯ. ತಮ್ಮ ಪಡಸಾಲೆಯಲ್ಲಿ ಮಲಗಿ, ತಮ್ಮ ಕಾಲನ್ನೇ ಗಿಡ್ಡಪ್ಪನವರ ಕೈಗೆ ಕೊಟ್ಟು, ಯಾವ ಕೀಲನ್ನು ಹೇಗೆ ತಿರುಗಿಸಬೇಕೆಂದು ನಾಲ್ಕು ಭಾನುವಾರ ಕಲಿಸಿದರು. "ಇನ್ನ ಮ್ಯಾಲೆ ಕಾಲು ಅವಂದು, ಕಸರತ್ತು ನಿಂದು. ಒಂದಿನಾನೂ ತಪ್ಪಿಸಬ್ಯಾಡ" ಎಂದರಂತೆ. ಗಿರಣಿಯ ಅಂಗಳದ ಕಸರತ್ತು ಶುರುವಾದದ್ದೂ ಆ ವರ್ಷವೇ. ಇನ್ನೊಂದು ಬೆನ್ನು ಹೀಗಾಗಬಾರದೆಂದು ಹಮಾಲರನ್ನು ಕೈಹಿಡಿದು ಎಳೆದು ತಂದು ನಿಲ್ಲಿಸಿದರು. ಇಲ್ಲಿ ಕಲಿತವರಲ್ಲಿ ಕೆಲವರು ತಮ್ಮ ತಮ್ಮ ಊರುಗಳಲ್ಲಿ ಅದನ್ನೇ ಬೇರೆಯವರಿಗೆ ಹೇಳಿಕೊಡುತ್ತಿದ್ದಾರೆ. ಹೇಳಿಕೊಟ್ಟವರು ಯಾರೆಂದು ಅಲ್ಲಿ ಯಾರೂ ಕೇಳಿಲ್ಲ.

ಆರು ಗಂಟೆಗೆ ಅಂಗಳ ಖಾಲಿಯಾಗುತ್ತದೆ. ಗಿಡ್ಡಪ್ಪ ಸೈಕಲ್ ಹತ್ತಿ ಗೊರೇಬಾಳದ ದಾರಿ ಹಿಡಿಯುತ್ತಾರೆ. ಇತ್ತೀಚೆಗೆ ಅವರ ಬಲ ಮೊಣಕಾಲು ಊದಿಕೊಂಡಿದೆ, ಪೆಡಲು ತುಳಿಯುವಾಗ ಎಡಗಾಲೇ ಎರಡೂ ಕಾಲಿನ ಕೆಲಸ ಮಾಡುತ್ತದೆ. ಯಂಕೋಬನ ಮನೆ ಗದ್ದೆಗಳ ಅಂಚಿನಲ್ಲಿದೆ. ಒಂದೇ ಕೋಣೆ, ಕಿಟಕಿಯ ಪಕ್ಕಕ್ಕೆ ನುಲಿ ಮಂಚ.

"ಬಂದ್ಯೇನಲೇ ಪೈಲ್ವಾನ? ಇವತ್ತ ಎರಡು ನಿಮಿಷ ತಡಾ" ಎನ್ನುತ್ತಾನೆ ಮಂಚದ ಮೇಲಿನ ಯಂಕೋಬ. ಹದಿನಾಲ್ಕು ವರ್ಷ ದೊಡ್ಡವರನ್ನು ಲೇ ಎನ್ನುವ ಸಲುಗೆ ಹಳೆಯ ಕುಸ್ತಿಯ ದಿನಗಳದು.

"ಗಾಳಿ ಎದುರಿಗಿತ್ತಪ" ಎನ್ನುತ್ತಾರೆ ಗಿಡ್ಡಪ್ಪ.

ಮಾತು ಅಷ್ಟೇ. ಪಾದದ ಹರಡಿನ ಕೀಲು ಮೂವತ್ತು ಸಲ, ಮೊಣಕಾಲು ಮೂವತ್ತು ಸಲ, ತೊಡೆಯ ಸಂದು ಇಪ್ಪತ್ತು ಸಲ, ಹೀಗೆ ಎರಡೂ ಕಾಲಿಗೆ. ಆಮೇಲೆ ಮಗ್ಗುಲು ತಿರುಗಿಸಿ ಬೆನ್ನು, ಪೃಷ್ಠ, ಹಿಮ್ಮಡಿಗಳನ್ನು ಒಂದೊಂದೇ ನೋಡಿ, ಕೆಂಪಾದಲ್ಲಿ ಎಣ್ಣೆ ಸವರುತ್ತಾರೆ. ಆ ಕಾಲುಗಳು ಈಗ ಗಿಡ್ಡಪ್ಪನವರ ಮುಂಗೈಯಷ್ಟೇ ದಪ್ಪ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಯಂಕೋಬ ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ, ಬೇರೆ ಯಾರದೋ ಕಾಲಿಗೆ ಏನೋ ನಡೆದಿದೆ ಎಂಬಂತೆ.

ಮೊದಮೊದಲು ಈ ಬಾಗಿಲು ಇವರಿಗೆ ತೆರೆಯುತ್ತಿರಲಿಲ್ಲ. "ಕದ ಹಾಕ್ಕೊಂಡು ಕುಂದರತಿದ್ದೆ. ಮಾರಿ ನೋಡಾಕ ಮನಸ್ಸಿರಲಿಲ್ಲ" ಎನ್ನುತ್ತಾಳೆ ಯಂಕೋಬನ ಹೆಂಡತಿ ತಿಮ್ಮವ್ವ. "ದಿನಾ ಬಂದು ಹೊರಗ ಕುಂತು ಹೋಗತಿದ್ದ. ಒಂದಿನ ಇವರಿಗೆ ಮಗ್ಗಲ ಹೊರಳಸಾಕ ನನ್ನ ಕೈಲಿ ಆಗಲಿಲ್ಲ. ಅವತ್ತ ತಗದೆ." ಈಗ ತಿಮ್ಮವ್ವ ಗಂಡನ ಮುಖ ತೊಳೆಸಿ, ಗಂಜಿ ಕುಡಿಸಿ, ಬಿಸಿಲೇರುವುದರೊಳಗೆ ನಾಟಿಗೋ ಕಳೆಗೋ ಹೋಗಬೇಕು. ಅವಳ ರಟ್ಟೆಗೆ ಆ ಕಾಲುಗಳ ಕಸರತ್ತು ಒಗ್ಗುವುದಿಲ್ಲ. ತಮ್ಮ ನಂತರಕ್ಕೆಂದು ಗಿಡ್ಡಪ್ಪ ಹಮಾಲರಲ್ಲಿ ಹಲವರನ್ನು ಕೇಳಿ ನೋಡಿದ್ದಾರೆ. ಅಂಗಳದ ಕಸರತ್ತಿಗೆ ಓಡಿ ಬರುವವರು ಈ ಮನೆಯ ಹೊಸಿಲು ದಾಟುವುದಿಲ್ಲ. ನಡು ಮುರಿದವನ ಮೈ ಮುಟ್ಟಿ ಚೀಲಕ್ಕೆ ಬೆನ್ನು ಕೊಡಬಾರದು ಎಂಬ ಭಯ ಅವರದು. ಬಾಲಪ್ಪ ಒಮ್ಮೆ ಬಂದವನು ಬಾಗಿಲಲ್ಲಿ ನಿಂತು ಅತ್ತು ಹೋದ, ಮತ್ತೆ ಬರಲಿಲ್ಲ.

ಹನ್ನೊಂದು ವರ್ಷದಲ್ಲಿ ಗಿಡ್ಡಪ್ಪ ತಪ್ಪಿಸಿದ್ದು ಒಂಬತ್ತೇ ದಿನ. 1992ರ ಮಳೆಗಾಲದಲ್ಲಿ ಅವರಿಗೆ ಮಲೇರಿಯಾ ಹಿಡಿದಿತ್ತು. ಹತ್ತನೆಯ ದಿನ ಹೋಗಿ ನೋಡಿದರೆ ಯಂಕೋಬನ ಎಡ ಹಿಮ್ಮಡಿಯಲ್ಲಿ ಹೆಬ್ಬೆರಳು ಹೋಗುವಷ್ಟು ಹುಣ್ಣು, ಹರಡು ಕಚ್ಚಿಕೊಂಡು ಪಾದ ಕೆಳಕ್ಕೆ ಬಾಗಿತ್ತು. ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು. ಪಾದ ಇಂದಿಗೂ ನೆಟ್ಟಗಾಗಿಲ್ಲ. ಜ್ವರದಲ್ಲಿ ಬಿದ್ದವರಿಂದ ಏನು ತಾನೇ ಮಾಡಲಾಗುತ್ತದೆ ಎಂದು ಸಮಾಧಾನ ಹೇಳಲು ಹೋದರೆ ಗಿಡ್ಡಪ್ಪ ತಲೆ ಅಲ್ಲಾಡಿಸುತ್ತಾರೆ. ಅವರು ಹೆಂಡತಿ ಕನಕಮ್ಮನ ಮುಂದೆಯೂ ಆಡಿರದ ಮಾತು, ಗೊರೇಬಾಳದಿಂದ ಹಿಂದಿರುಗುವ ದಾರಿಯಲ್ಲಿ, ಸೈಕಲ್ ತಳ್ಳಿಕೊಂಡು ನಡೆಯುವಾಗ ಹೊರಬೀಳುತ್ತದೆ.

"ಜ್ವರ ಆರ ದಿನಕ್ಕ ಬಿಟ್ಟಿತ್ತರಿ. ಮುಂದ ಮೂರು ದಿನ ನಾ ಸುಮ್ಮ ಮಲಗಿದ್ದೆ. ಬೆಳಿಗ್ಗೆ ಎಚ್ಚರ ಆಗತಿತ್ತು. ಹೋಗೋದು ಬ್ಯಾಡ ಅಂತ ಮಗ್ಗಲ ಬದ್ಲಿ ಮಾಡ್ತಿದ್ದೆ. ಎಷ್ಟು ಹಾಯ್ ಅನಿಸಿತ್ತು ಗೊತ್ತೇನ್ರಿ? ಆ ಮೂರು ದಿನದಾಗ ಅವನ ಪಾದ ಹೋತು."

ಕಾಲುವೆಯ ಮೇಲೆ ಬಿಸಿಲು ಬಿದ್ದಿದೆ, ಬಾಡಿಗೆ ಆಟೋಗಳು ಆಳುಗಳನ್ನು ತುಂಬಿಕೊಂಡು ಗದ್ದೆಗಳ ಕಡೆ ಓಡುತ್ತಿವೆ. ಎಂಟಕ್ಕೆ ಗಿರಣಿಯ ಬಾಗಿಲು ತೆರೆಯುತ್ತದೆ, ಇಂದೂ ಅವರು ಚೀಲ ಹೊರಬೇಕು. ಯಂಕೋಬ ಈ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ದಿನದ ಮಾತು ಎತ್ತಿಲ್ಲವಂತೆ. ಬೈದಿಲ್ಲ, ಮಾಫ್ ಮಾಡಿದ್ದೇನೆಂದೂ ಹೇಳಿಲ್ಲ. ಅವನು ಹಾಗೆಂದು ಒಂದು ಮಾತು ಹೇಳಿದರೆ ಮನಸ್ಸು ಹಗುರಾಗುವುದಿಲ್ಲವೇ ಎಂದು ಕೇಳಿದರೆ ಗಿಡ್ಡಪ್ಪ ಸೈಕಲ್ ನಿಲ್ಲಿಸುತ್ತಾರೆ.

"ಮಾಫ್ ಅವ ಯಾವಾಗೋ ಮಾಡ್ಯಾನ್ರಿ. ಅವನ ಕಣ್ಣು ನನಗ ಗೊತ್ತಿಲ್ಲೇನು? ಬಾಯಿಬಿಟ್ಟು ಅಂದ್ರ ನಾ ಬರೋದು ಬಿಡ್ತೀನಿ ಅಂತ ಅಂಜ್ಯಾನ, ಅದಕ್ಕ ಅನ್ನಾಕ ಒಲ್ಲ. ಅವ ಅಂಜೋದು ಖರೇ ಐತಿ. ನನ್ನ ಮ್ಯಾಲೆ ನನಗಾ ಭರವಸಿ ಇಲ್ರಿ. ನೀವು ಪೇಪರಿನ್ಯಾಗ ಬೇಕಾದ್ದು ಬರಕೋರಿ, ಆದ್ರ ಇದೊಂದು ತಪ್ಪದಂಗ ಬರೀರಿ. ಯಾರಾರ ಅವಗ ಓದಿ ಹೇಳಲಿ. ನಾ ಇರೋತನಕ ಆ ಮಾತ ಅನಬ್ಯಾಡಪ ಯಂಕೋಬ, ಅಂತ ಬರೀರಿ."