ನೀಲಿ ಜೀಪಿನ ಬ್ರೇಕು

ಪೇಂಟ್ ರಿಮೂವರ್ ವಾಸನೆ ನನಗೇನು ಹೊಸದಲ್ಲ. ಹಳೇ ಜೀಪುಗಳ ಗ್ಯಾರೇಜ್ ಇಟ್ಟುಕೊಂಡವನಿಗೆ ಊಟದಲ್ಲೂ ಅದೇ ವಾಸನೆ, ನಿದ್ದೆಯಲ್ಲೂ ಅದೇ. ಆದರೆ ಮೊನ್ನೆ ಯಾವುದೋ ಜೀಪಿನ ಬಾನೆಟ್ ಕೆರೆಯುತ್ತಿದ್ದಾಗ ಮೇಲಿನ ಕಪ್ಪು ಬಣ್ಣ ಉಬ್ಬಿ ಎದ್ದು, ಅದರ ಕೆಳಗೆ ಅಂಗೈಯಗಲ ಆಕಾಶನೀಲಿ ಕಾಣಿಸಿತು. ಬೇರೆ ಗಾಡಿ, ಬೇರೆ ಯಾರೋ ಬಳಿಸಿದ ನೀಲಿ. ಆದರೂ ಕೈ ಅಲ್ಲೇ ನಿಂತಿತು. ಎದುರುಮನೆ ಅಕ್ಕ ನೆನಪಾದರು...

ನನ್ನ ಗ್ಯಾರೇಜು ದೀಪಾಂಜಲಿ ನಗರದಲ್ಲಿ, ಮೆಟ್ರೊ ಕಂಬಗಳ ಹಿಂದಿನ ಗಲ್ಲಿಯಲ್ಲಿದೆ. ಅಕ್ಕನ ಮನೆ ಸರಿಯಾಗಿ ಅದರ ಎದುರಿಗಿತ್ತು. ಶೀಟಿನ ಒಂಟಿ ಮನೆ, ಬಾಗಿಲ ಪಕ್ಕ ಹೊಲಿಗೆ ಮೆಷಿನ್ನು. ಸೀರೆಗೆ ಫಾಲ್ ಹಾಕುವುದು, ರವಿಕೆ ಹೊಲಿಯುವುದು ಅವರ ಜೀವನ. ಉಳಿದ ಹೊತ್ತಿನಲ್ಲಿ ನನಗೆ ಬೈಯುವುದು. 'ನಿನ್ ಗ್ರೈಂಡರ್ ಸದ್ದಿಗೆ ನನ್ ಸೂಜಿ ದಾರ ಹಿಡೀತಿಲ್ಲ ಕಣಪ್ಪಾ' ಎಂದು ಕೂಗುವರು. ನಾನೂ ಬಿಡುತ್ತಿರಲಿಲ್ಲ. ಕೂಗಿಗೆ ಕೂಗು. ಅದಾದ ಮೇಲೆ ಅವರೇ ಒಂದು ಬಟ್ಟಲು ಹುಳಿ ತಂದು ಟೂಲ್ ಬಾಕ್ಸ್ ಮೇಲಿಟ್ಟು ಹೋಗುತ್ತಿದ್ದರು. ಗಂಡ ಡ್ರೈವರ್ ಆಗಿದ್ದರು, ಹೋಗಿಬಿಟ್ಟಿದ್ದಾರೆ ಎಂಬಷ್ಟು ಮಾತ್ರ ಗಲ್ಲಿಗೆಲ್ಲ ಗೊತ್ತಿತ್ತು. ಹೇಗೆ ಹೋದರು ಎಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಒಮ್ಮೆ ರಾಜಾಜಿನಗರದ ಗಿರಾಕಿಯೊಬ್ಬರು ಒಂದು ಜೀಪು ತಂದು ನಿಲ್ಲಿಸಿದರು. ಸ್ವಂತ ಫ್ಯಾಕ್ಟರಿ ಇದ್ದವರು, ಒಳ್ಳೆಯ ಮನುಷ್ಯ. ಆದರೆ 'ಒರಿಜಿನಲ್' ಎಂಬ ಹುಚ್ಚು ತಲೆಗೇರಿತ್ತು. ಈ ಗಾಡಿ ಯಾವಾಗ ಹುಟ್ಟಿತು, ಮೊದಲು ಯಾರ ಹತ್ತಿರ ಇತ್ತು, ಯಾವ ಭಾಗ ಹುಟ್ಟಿನಿಂದ ಬಂದದ್ದು, ಯಾವುದು ಆಮೇಲೆ ಸೇರಿಸಿದ್ದು, ಎಲ್ಲ ಬೇಕು. ಹೆಣ್ಣಿನ ಕಡೆಯವರು ಜಾತಕ ಕೇಳಿದಂತೆ ಕೇಳುತ್ತಿದ್ದರು. ನಮ್ಮ ಕಡೆಯ ಹಳೇ ಜೀಪುಗಳ ಪಾಡು ಅವರಿಗೇನು ಗೊತ್ತು? ಇಂಜಿನ್ ಒಂದು ಗಾಡಿಯದು, ಗೇರ್‌ಬಾಕ್ಸ್ ಇನ್ನೊಂದರದು, ಸೀಟು ಮತ್ತೊಂದರದು. ಒಂದು ಸತ್ತರೆ ಅದರ ಕೈಕಾಲು ಹತ್ತು ಗಾಡಿಗೆ ಹಂಚಿಹೋಗುತ್ತದೆ. ಅದಕ್ಕೇ ನಾನು ಬಣ್ಣದಿಂದ ಶುರುಮಾಡುತ್ತೇನೆ. ಒಂದೊಂದೇ ಪದರ ಕೆರೆದು ಕೆಳಗೆ ಹೋಗುವುದು. ಎಲ್ಲ ಭಾಗದಲ್ಲೂ ತಳದ ಬಣ್ಣ ಒಂದೇ ಆಗಿದ್ದರೆ ಅವೆಲ್ಲ ಒಟ್ಟಿಗೆ ಹುಟ್ಟಿದವು. ಬಣ್ಣ ಬೇರೆ ಬಂದರೆ ಆ ಭಾಗ ಹೊರಗಿನದು.

ಕಪ್ಪು ಹೋಯಿತು, ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಆಕಾಶನೀಲಿ. ಅಷ್ಟು ಹೊತ್ತಿಗೆ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೈಯಲು ಬಂದರು. ಬಂದವರು ಬೈಯಲಿಲ್ಲ. ಜೀಪನ್ನೇ ನೋಡುತ್ತ ನಿಂತರು.

'ಎಡಗಡೆ ಹತ್ತೋ ಜಾಗದಲ್ಲಿ ಕೆರಿ ನೋಡೋಣ' ಎಂದರು. 'ಕೆಳಗಡೆ, ಅಂಚಲ್ಲಿ.'

ಕೆರೆದೆ. ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿ ಉದುರಿತು. ಒಳಗೆ ಎರಡು ಕಡೆ ಹಳೇ ವೆಲ್ಡಿಂಗ್ ಕಲೆ. ಅಲ್ಲಿ ಯಾವುದೋ ಕಬ್ಬಿಣದ ಪಟ್ಟಿ ಇತ್ತು, ಆಮೇಲೆ ಯಾರೋ ಕಡಿದು ಹಾಕಿದ್ದರು. ಅಕ್ಕ ಆ ಕಲೆಯ ಮೇಲೆ ಬೆರಳಿಟ್ಟು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಅವರ ಗಂಡ ಒಬ್ಬ ರಸ್ತೆ ಕಂಟ್ರಾಕ್ಟರ್ ಬಳಿ ಈ ಜೀಪನ್ನೇ ಓಡಿಸುತ್ತಿದ್ದರಂತೆ. ಆಯುಧಪೂಜೆಯ ದಿನ ಗಾಡಿಗೆ ಪೂಜೆಯಾದ ಮೇಲೆ ಡ್ರೈವರುಗಳು ಅದನ್ನು ಮನೆಗೆ ತಂದು ಹೆಂಡತಿ ಮಕ್ಕಳನ್ನು ಒಂದು ಸುತ್ತು ಕರೆದೊಯ್ಯುವುದು ಅಲ್ಲಿನ ವಾಡಿಕೆ. ಮದುವೆಯಾದ ಮೊದಲ ವರ್ಷ ಅಕ್ಕನಿಗೆ ಜೀಪು ಹತ್ತಲು ಆಗಲಿಲ್ಲ. ಕುಳ್ಳಗಿದ್ದವರು, ಮೇಲೆ ರೇಷ್ಮೆ ಸೀರೆ ಬೇರೆ. ಆಗಿದ್ದ ಊರಿನ ಬೀದಿಯವರೆಲ್ಲ ನಕ್ಕರು. ಮುಂದಿನ ಆಯುಧಪೂಜೆ ಹೊತ್ತಿಗೆ ಆ ಪುಣ್ಯಾತ್ಮ ವೆಲ್ಡರನ್ನು ಹಿಡಿದು ಹೆಂಡತಿಗೆಂದು ಒಂದು ಮೆಟ್ಟಿಲು ಹಾಕಿಸಿದ್ದರು. ಹೇಳುವಾಗ ಅಕ್ಕನ ಮುಖದಲ್ಲಿ ನಾಚಿಕೆ ಇತ್ತು. ನನಗೂ ನಗು ಬಂದಿತ್ತು, ಆದರೆ ಮುಂದಿನದನ್ನು ಕೇಳಿದ ಮೇಲೆ...

ಕನಕಪುರದ ಆಚೆ ಇಳಿಜಾರಿನಲ್ಲಿ ಜೀಪು ಬಂಡೆಗೆ ಗುದ್ದಿತ್ತು. ಅಕ್ಕನ ಗಂಡ ಹೋದರು, ಜೊತೆಗಿದ್ದ ಇಬ್ಬರು ಕೂಲಿಯವರೂ ಹೋದರು. ಡ್ರೈವರ್ ಕುಡಿದಿದ್ದ ಎಂದು ಕಂಟ್ರಾಕ್ಟರ್ ಹೇಳಿದ. ಊರೂ ಅದನ್ನೇ ನಂಬಿತು. ಆ ಕೂಲಿಯವರ ಹೆಂಡಿರು ಬಾಗಿಲಿಗೆ ಬಂದು ಮಣ್ಣು ತೂರಿ ಶಾಪ ಹಾಕಿದರು.

'ಅವತ್ತು ಬೆಳಿಗ್ಗೆ ಹೇಳ್ಬಿಟ್ಟು ಹೋಗಿದ್ರು ಕಣಪ್ಪಾ' ಎಂದರು ಅಕ್ಕ. 'ಬ್ರೇಕು ತುಳಿದ್ರೆ ಪೂರ್ತಿ ಕೆಳಕ್ಕೆ ಹೋಗ್ತಾ ಇದೆ ಕಣೇ, ಗುಜರೀದು ಯಾವ್ದೋ ತಂದು ಹಾಕವ್ರೆ ಅಂತ. ನಾನು ಎಲ್ರಿಗೂ ಹೇಳ್ದೆ. ಹೆಂಡ್ತಿ ಇನ್ನೇನ್ ಹೇಳ್ತಾಳೆ ಅಂದ್ರು.' ಜೀಪಿನ ಕಡೆ ಕೈ ತೋರಿಸಿದರು. 'ಬ್ರೇಕ್ ಬಿಚ್ಚಪ್ಪಾ. ಅದು ಒರಿಜಿನಲ್ ಅಲ್ಲ ಅಂತ ನೀನು ಹೇಳು. ನೀನು ಹೇಳಿದ್ರೆ ಜನ ನಂಬ್ತಾರೆ.'

ಗುದ್ದಿದ ಗಾಡಿ ರಿಪೇರಿಯಾಗಿ, ಎಷ್ಟೋ ಕೈ ದಾಟಿ ಬಂದಿದೆ. ಮುಂದಿನ ಚಕ್ರದ ಸಂದಿಯಿಂದಲೇ ಹೊಸ ಕಾಲದ ಡಿಸ್ಕ್ ಬ್ರೇಕ್ ಕಾಣುತ್ತಿತ್ತು. ಬಿಚ್ಚುವ ಮೊದಲೇ ಹೇಳಿದೆ. ಅವರು ಕೇಳಲಿಲ್ಲ. ನಾಲ್ಕು ಚಕ್ರವನ್ನೂ ಬಿಚ್ಚಿಸಿದರು. ಬ್ರೇಕಷ್ಟೇ ಅಲ್ಲ, ಹಿಂದಿನ ಮುಂದಿನ ಎರಡೂ ಆಕ್ಸಲ್ ಬೇರೆ ಗಾಡಿಯವು. ಬಾಡಿ ಮತ್ತು ಚಾಸಿ ಮಾತ್ರ ಹುಟ್ಟಿನಿಂದ ಬಂದವು. ಚಾಸಿಯ ಮುಂಭಾಗ ಮಡಿಚಿ, ಕಾಯಿಸಿ ನೆಟ್ಟಗೆ ಮಾಡಿದ ಗುರುತೂ ಇತ್ತು. ಗುದ್ದಿದೆ ಎಂದು ಅದು ಹೇಳುತ್ತದೆ, ಯಾಕೆ ಗುದ್ದಿತು ಎಂದು ಹೇಳುವುದಿಲ್ಲ.

'ಬಿಚ್ಚಿದ ಹಳೇದು ಎಲ್ಲೋ ಇರ್ಬೇಕಲ್ಲ' ಎಂದರು ಅಕ್ಕ.

ಚಕ್ರದ ಬ್ರೇಕು ಕೂತಿರುವುದು ಆಕ್ಸಲ್ ತುದಿಯಲ್ಲೇ, ಗಿರಾಕಿಗೂ ಹೇಗೂ ಹಳೇ ನಮೂನೆಯ ಆಕ್ಸಲ್ ಬೇಕಿತ್ತು. ಹಾಗಾಗಿ ಮೈಸೂರು ರಸ್ತೆಯ ಗುಜರಿಗಳನ್ನು ಸುತ್ತುವಾಗ ಅಕ್ಕನೂ ಹಟ ಮಾಡಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಯಿಲ್ ಕೆಸರಿನಲ್ಲಿ ನಿಂತು, ಗುಡ್ಡೆ ಬಿದ್ದ ಆಕ್ಸಲ್‌ಗಳನ್ನು ಒಂದೊಂದಾಗಿ ತೋರಿಸಿದರು.

'ಇದಾ?'

'ಇರಬಹುದು ಅಕ್ಕ.'

'ಇದು?'

'ಅದೂ ಇರಬಹುದು.'

ಯಾವ ಆಕ್ಸಲ್ ಯಾವ ಗಾಡಿಯದೆಂದು ಹೇಳುವ ಗುರುತು ಅವುಗಳ ಮೇಲೆ ಇರುವುದಿಲ್ಲ. ಅದು ಅಕ್ಕನಿಗೆ ಅರ್ಥವಾಗಲು ಆ ಸಂಜೆಯೆಲ್ಲ ಬೇಕಾಯಿತು. ವಾಪಸು ಬರುವಾಗ ಆಟೋದಲ್ಲಿ ಸೆರಗಿಗೆ ಹತ್ತಿದ ಆಯಿಲ್ ಕಲೆ ಉಜ್ಜುತ್ತಲೇ ಕೂತಿದ್ದರು. ನನಗೆ ಎಷ್ಟು ಸಂಕಟವಾಯಿತೆಂದರೆ ಸುಮ್ಮನೆ ಸುಳ್ಳು ಹೇಳಿಬಿಡೋಣ, ಸಿಕ್ಕಿತು ಎಂದುಬಿಡೋಣ ಎನಿಸಿತು.

ಆಮೇಲೆ ಅವರೇ ಇನ್ನೊಂದು ದಾರಿ ಹುಡುಕಿದರು. ಆರ್‌ಟಿಓದಿಂದ ಹಳೇ ದಾಖಲೆಯ ನಕಲು ಬಂದಿತ್ತು. ಮೊದಲ ಮಾಲೀಕನ ಜಾಗದಲ್ಲಿ ಅದೇ ಕಂಟ್ರಾಕ್ಟರ್ ಹೆಸರು. ಗಾಡಿಯ ಚರಿತ್ರೆ ಕೇಳಲು ಗಿರಾಕಿ ಆ ಕಂಟ್ರಾಕ್ಟರ್ ಆಫೀಸಿಗೆ ಹೋಗುವವರಿದ್ದರು.

'ಹೋಗ್ಲಿ. ಬ್ರೇಕ್ ವಿಷಯ ಕೇಳ್ಕೊಂಡು ಬರಕ್ಕೆ ಹೇಳು' ಎಂದರು ಅಕ್ಕ. 'ನಾನ್ಯಾರು ಅಂತ ಮಾತ್ರ ಹೇಳ್ಬೇಡ. ಡ್ರೈವರ್ ಹೆಂಡ್ತಿ ಕೇಳಿಸ್ತಾವ್ಳೆ ಅಂತ ಗೊತ್ತಾದ್ರೆ ಯಾರೂ ಬಾಯಿ ಬಿಡಲ್ಲ. ಸುಮ್ನೆ ಗಾಡಿ ಬಗ್ಗೆ ಕೇಳ್ದಂಗೆ ಕೇಳಿದ್ರೆ ನಿಜ ಹೇಳ್ತಾರೆ.'

ನನಗೂ ಅದು ಸರಿ ಎನಿಸಿತು. ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ನಿಂತು 'ಫೋನ್ ಬಂತಾ?' ಎನ್ನುವರು. ಬೈಯುವುದನ್ನೇ ಮರೆತುಬಿಟ್ಟಿದ್ದರು.

ಫೋನು ಬರಲಿಲ್ಲ, ಶನಿವಾರ ಗಿರಾಕಿಯೇ ಬಂದರು. ಖುಷಿಯೋ ಖುಷಿ. ಅಕ್ಕ ಹೊಲಿಗೆ ಬಿಟ್ಟು ಓಡಿಬಂದು ನನ್ನ ಪಕ್ಕ ನಿಂತರು.

'ಏನ್ ಗುರು, ಹಿಸ್ಟರಿ ಇದೆ ನಮ್ ಗಾಡಿಗೆ!' ಎಂದರು ಗಿರಾಕಿ. 'ಅಲ್ಲೊಬ್ರು ಹಳೇ ಸೂಪರ್‌ವೈಸರ್ ಸಿಕ್ಕಿದ್ರು. ಡ್ರೈವರ್ ಫುಲ್ ಟೈಟಾಗಿ ಬಂಡೆಗೆ ಗುದ್ದಿದ್ನಂತೆ. ಇಬ್ಬರು ಅಮಾಯಕರನ್ನ ಸಾಯಿಸಿಬಿಟ್ಟ ಪಾಪಿ. ಬ್ರೇಕ್ ಬಗ್ಗೆನೂ ಕೇಳ್ದೆ. ಪಕ್ಕಾ ಒರಿಜಿನಲ್ ಇತ್ತಂತೆ.'

'ಆ ಡ್ರೈವರ್ ಕುಡೀತಿರ್ಲಿಲ್ಲ ಸಾರ್' ಎಂದರು ಅಕ್ಕ.

ಗಿರಾಕಿ ತಿರುಗಿ ನೋಡಿದರು. 'ನಿಮಗೆ ಗೊತ್ತಿರೋರಾ ಆಂಟಿ?'

ಹೇಳಲಿ, ಈಗಲಾದರೂ ಹೇಳಲಿ ಎಂದುಕೊಂಡೆ. ಅಕ್ಕನ ಬಾಯಿ ತೆರೆಯಿತು. ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಜೀಪನ್ನು ನೋಡಿದರು.

'ಇಲ್ಲ ಸಾರ್' ಎಂದರು. 'ಗೊತ್ತಿಲ್ಲ.'

ಗಲ್ಲಿ ದಾಟಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಂಡತಿಯೇ ಗಂಡನನ್ನು ಗೊತ್ತಿಲ್ಲ ಎನ್ನಬೇಕಾದರೆ ಆ ಜೀವ ಎಷ್ಟು ಸೋತಿರಬೇಕು ಎಂದು ಈಗಲೂ ಯೋಚಿಸುತ್ತೇನೆ. ಆಮೇಲೆ ಅವರು ನನ್ನ ಜೊತೆ ಜಗಳವಾಡಲಿಲ್ಲ. ಗ್ರೈಂಡರ್ ಎಷ್ಟು ಹೊತ್ತು ಓಡಿಸಿದರೂ ಕೇಳುವವರಿಲ್ಲ. ಹೋದ ವರ್ಷ ಜ್ವರವೆಂದು ಮಲಗಿದವರು ಏಳಲೇ ಇಲ್ಲ... ಗಲ್ಲಿಯವರೇ ಸೇರಿ ಹೆಗಲು ಕೊಟ್ಟೆವು. ಶೀಟಿನ ಮನೆ ಕೆಡವಿ ಈಗ ಅಲ್ಲಿ ಪಿಜಿ ಎದ್ದಿದೆ. ಬಾಗಿಲ ತುಂಬ ಡೆಲಿವರಿ ಹುಡುಗರ ಬೈಕುಗಳು.

ಹೋದ ವಾರ ಆ ಜೀಪು ಸರ್ವಿಸಿಗೆ ಬಂದಿತ್ತು. ಮತ್ತೆ ಆಕಾಶನೀಲಿ ಬಳಿದದ್ದು ನಾನೇ, ಎಲ್ಲಿ ನಿಲ್ಲಿಸಿದರೂ ಜನ ಫೋಟೋ ತೆಗೆಯುತ್ತಾರಂತೆ. ಗಿರಾಕಿ ಸ್ನೇಹಿತರೊಬ್ಬರನ್ನು ಕರೆತಂದು ಕುಡುಕ ಡ್ರೈವರ್ ಕಥೆಯನ್ನು ಸೂಪರ್‌ವೈಸರ್ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

'ಅವನು ಕುಡಿದಿರ್ಲಿಲ್ಲ ಸಾರ್. ಬ್ರೇಕ್ ಹೋಗಿತ್ತು. ಗುಜರಿ ಬ್ರೇಕ್ ಹಾಕಿದ್ರು' ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಹತ್ತಿರ ಬಂದರು. 'ಹೌದಾ? ಯಾರ್ ಹೇಳಿದ್ದು? ಅವ್ರು ಇದ್ರೆ ಹೇಳಿ ಗುರು, ಹೋಗಿ ಮಾತಾಡ್ಸೋಣ.'

ನನ್ನ ಕಣ್ಣು ತಾನಾಗಿ ಎದುರುಗಡೆ ಹೋಯಿತು. ಪಿಜಿಯ ಬಾಗಿಲಲ್ಲಿ ಯಾರೋ ಹುಡುಗ ಬೈಕಿಗೆ ಕಿಕ್ ಹೊಡೆಯುತ್ತಿದ್ದ.

'ಇಲ್ಲ ಸಾರ್' ಎಂದೆ.