ಮಾವನ ಕೆಮ್ಮು

ಸುದ್ದಗುಂಟೆಪಾಳ್ಯದ ಮನೆಗೆ ಸೊಸೆಯಾಗಿ ಬಂದ ಮೇಲೆ ನಾಲ್ಕು ವರ್ಷ ನಾನು ಮಾವನ ಜೊತೆ ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ. ಆಗಿನ ಪದ್ಧತಿಯೇ ಹಾಗೆ. ಸೊಸೆ ಮಾವನ ಎದುರು ನಿಲ್ಲಬಾರದು, ಮುಖ ನೋಡಬಾರದು, ಬಾಯಿ ಬಿಡಬಾರದು. ಅದಕ್ಕೇ ಮಾವ ಒಳಗೆ ಬರುವ ಮೊದಲು ಬಾಗಿಲಲ್ಲಿ ಒಂದು ಸಲ ಕೆಮ್ಮುತ್ತಿದ್ದರು. ನಾನು ಸೆರಗೆಳೆದುಕೊಂಡು ಅಡುಗೆಮನೆ ಸೇರುತ್ತಿದ್ದೆ. ಎರಡು ಸಲ ಕೆಮ್ಮಿದರೆ ನೀರು ಬೇಕು ಎಂದು. ಅಡುಗೆಮನೆಯ ಹೊಸಲಿನ ಮೇಲೆ ಚೊಂಬು ಇಟ್ಟು, ಬಳೆ ಸದ್ದು ಮಾಡಿ ಹಿಂದೆ ಸರಿದರೆ ಅವರು ಬಂದು ತೆಗೆದುಕೊಳ್ಳುತ್ತಿದ್ದರು.

ನಾದಿನಿ ನಗುತ್ತಿದ್ದಳು. "ಅತ್ತಿಗೆ, ನಮ್ಮಪ್ಪ ಕೆಮ್ಮಿದ್ರೆ ಸಾಕು, ಕೋಳಿ ಓಡ್ದಂಗೆ ಓಡ್ತೀಯಲ್ಲ."

"ಓಡ್ದೇ ಇದ್ರೆ ನಿಮ್ಮಮ್ಮ ಬಿಡ್ತಾರಾ?"

ಆ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಅತ್ತೆ, ನಾದಿನಿ ಅವರೆಕಾಯಿ ಕೀಳಲು ಹೊಲಕ್ಕೆ ಹೋಗಿದ್ದರು. ಗಂಡ ಮತ್ತು ಅವರ ತಮ್ಮ ಜಯನಗರದ ಹೊಸ ಮನೆಗಳಿಗೆ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದರು. ಪಡಸಾಲೆಯಲ್ಲಿ ಕೂತು ರಾಗಿ ಕೇರುತ್ತಿದ್ದೆ. ಬಾಗಿಲಲ್ಲಿ ಕೆಮ್ಮು ಕೇಳಿಸಿತು. ತಲೆ ಎತ್ತದೆ ಒಳಗೆ ಹೋದೆ. ಮತ್ತೆ ಕೆಮ್ಮಿದರು. ನೀರಿಟ್ಟು ಬಳೆ ಆಡಿಸಿದೆ. ಚೊಂಬು ಎತ್ತಿದ ಸದ್ದಿಲ್ಲ. ಮೂರನೆಯ ಸಲ ಕೆಮ್ಮಿದರು. ಮೂರು ಸಲಕ್ಕೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ಮಜ್ಜಿಗೆ ಇರಬೇಕೆಂದು ಬೆರೆಸಲು ಕೂತೆ. ಉಪ್ಪು ಹುಡುಕಿದೆ. ಅಷ್ಟು ಹೊತ್ತು ಹೋಯಿತು.

ಮಜ್ಜಿಗೆ ಇಡಲು ಬಂದಾಗ ಮೊದಲು ಕಂಡದ್ದು ಅವರ ಕಾಲು. ಬೀದಿ ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದರು, ಒಂದು ಕೈ ಎದೆಯ ಮೇಲೆ. "ಮಾವ" ಅಂದೆ. ಕಣ್ಣು ನನ್ನ ಕಡೆ ತಿರುಗಿತು. ಕೂಗಿಕೊಂಡೆ, ಪಕ್ಕದ ಮನೆಯವರು ಬಂದರು. ಅವರು ಗಾಡಿ ಕಟ್ಟುವಷ್ಟರಲ್ಲಿ ಜೀವ ಹೋಯಿತು.

ಅತ್ತೆ ಹೊಲದಿಂದ ಬಂದವರು ಎಲ್ಲರೆದುರೇ ಕೇಳಿದರು.

"ಕೆಮ್ಮಿದ್ದು ಕೇಳಿಸ್ಲಿಲ್ವೇನೇ ನಿಂಗೆ?"

"ಕೇಳಿಸ್ತು. ಅದಕ್ಕೇ ಒಳಗೆ ಹೋದೆ."

"ಒಂದ್ಸಲ ಬಂದು ನೋಡೋಕೇನಾಗಿತ್ತು?"

"ನೋಡಬಾರ್ದು ಅಂತ ನೀವೇ ಹೇಳಿದ್ರಲ್ಲ ಅತ್ತೆ."

ಹೆಣದ ಮುಂದೆ ಇವಳ ಬಾಯಿ ನೋಡು ಎಂದು ಯಾರೋ ಗೊಣಗಿದರು.

ತಪ್ಪು ಅತ್ತೆಯದು ಮಾತ್ರ ಎಂದು ನಾನು ಹೇಳುವುದಿಲ್ಲ. ಆ ದಿನದ ಕೆಮ್ಮು ದಿನದಂತಿರಲಿಲ್ಲ, ಒಳಗೇ ಸಿಕ್ಕಿಕೊಂಡ ಹಾಗಿತ್ತು. ಅದು ನನ್ನ ಕಿವಿಗೆ ಬಿದ್ದಿತ್ತು. ಎಷ್ಟು ಸಲ ಎಂದು ಎಣಿಸಿದೆನೇ ಹೊರತು ಹೇಗಿದೆ ಎಂದು ಯೋಚಿಸಲಿಲ್ಲ.

ಎರಡು ವರ್ಷದ ಮೇಲೆ ಗಂಡನ ತಮ್ಮನಿಗೆ ಮದುವೆಯಾಯಿತು. ಹೊಸ ಹುಡುಗಿಗೆ ನನ್ನ ಗಂಡ ಭಾವ. ಅವರೆದುರೂ ನಿಲ್ಲುವ ಹಾಗಿಲ್ಲ. ಒಂದು ದಿನ ಬಾಗಿಲಲ್ಲಿ ಅವರು ಕೆಮ್ಮಿದ್ದೇ ತಡ, ಅವಳು ಎದ್ದಳು. ಅತ್ತೆ ಅವಳ ಕೈ ಹಿಡಿದರು.

"ಮೊದ್ಲು ಮುಖ ನೋಡು. ಚೆನ್ನಾಗವ್ನೆ ಅಂತ ಗೊತ್ತಾದ್ಮೇಲೆ ಒಳಕ್ಕೆ ಹೋಗು."

ನಾನು ಅಲ್ಲೇ ಮುದ್ದೆ ಕಟ್ಟುತ್ತಿದ್ದೆ. ಅತ್ತೆ ನನ್ನ ಕಡೆ ತಿರುಗಲಿಲ್ಲ. ಹುಡುಗಿ ತಲೆ ಎತ್ತಿ ನೋಡಿದಳು.